ಚಾನಲ್ ಏರಿ ಮೇಲೆ ಸೈಕಲ್ಲೂ ಕಾಲ್ನಡಿಗೆಯೂ

ನಮ್ಮ ಅಂಗಡಿ ಮುಂದಿನ ಕಲ್ಲುಬೆಂಚಿನಲ್ಲಿ ಈಗ ಎರಡು ಪಕ್ಷ ಆಗಿದೆ. ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದು ಕೂರುವ ಹಿರಿಯರು, ನೀರಿನ ಚಾನಲ್ ಪಕ್ಕದ ಮಣ್ಣಿನ ಏರಿ ಮೇಲೆ ಸೈಕಲ್ ಬಿಡಲೇಬಾರದು ಅನ್ನುತ್ತಾರೆ. ಪಂಚರ್ ಹಾಕಿಸೋಕೆ ಬರುವ ಹುಡುಗರು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲ್ ನೋಡ್ತಾ ದಾರಿ ತುಂಬ ನಡೆಯೋರಿಗೆ ಮೊದಲು ಬುದ್ಧಿ ಹೇಳಿ ಅನ್ನುತ್ತಾರೆ. ಹೇಳುವುದನ್ನೆಲ್ಲ ಹೇಳಿ ಮುಗಿಸಿ ಇಬ್ಬರೂ ನನ್ನ ಮುಖ ನೋಡುತ್ತಾರೆ.

ನಾನು ಸೈಕಲ್ ರಿಪೇರಿ ಮಾಡುವವನು. ಅಂಗಡಿ ನಮ್ಮಪ್ಪ ಇಟ್ಟಿದ್ದು. ಶಿವಮೊಗ್ಗದ ಹೊರಮಗ್ಗುಲಲ್ಲಿ, ಗಾಜನೂರು ಅಣೆಕಟ್ಟಿನ ಕಡೆಯಿಂದ ಬರುವ ತುಂಗಾ ಚಾನಲ್‌ಗೆ ಹತ್ತಿರ ಇದೆ. ಸೈಕಲ್ಲಿಂದ ಅನ್ನ ತಿನ್ನುವವನು ಸೈಕಲ್ಲಿನವರ ಪರವೇ ಮಾತಾಡುತ್ತಾನೆ ಅಂತ ಹಿರಿಯರಿಗೆ ಅನುಮಾನ. ಹಾಗೇನೂ ಇಲ್ಲ. ಹಿಂದಿನಿಂದ ಬರುವವನಿಗೆ ಮುಂದೆ ನಡೆಯುವವರು ಕಾಣುತ್ತಾರೆ, ಮುಂದೆ ನಡೆಯುವವರಿಗೆ ಅವನು ಕಾಣುವುದಿಲ್ಲ. ಆದ್ದರಿಂದ ಹೊಣೆಯ ದೊಡ್ಡ ಪಾಲು ಸೀಟಿನ ಮೇಲೆ ಕೂತವನದೇ. ನಡೆಯುವವರು ಮೊಬೈಲಿನಲ್ಲಿ ಮುಳುಗಿದ್ದರೂ ಅವನದೇ. ಹಾಗಂತ ಏರಿ ಮೇಲೆ ಸೈಕಲ್ಲೇ ಬೇಡ ಅನ್ನುವ ಮಾತಿಗೂ ನನ್ನ ಒಪ್ಪಿಗೆ ಇಲ್ಲ. ಅದಕ್ಕೆ ಕಾರಣ ಇದೆ, ಮುಂದೆ ಬರೆದಿದ್ದೇನೆ.

ನೋಡದವರಿಗಾಗಿ ಏರಿ ಹೇಗಿದೆ ಅಂತ ಹೇಳಿಬಿಡುತ್ತೇನೆ. ಒಂದು ಟ್ರ್ಯಾಕ್ಟರ್ ಹೋಗುವಷ್ಟು ಅಗಲ. ಚಕ್ರ ಉರುಳಿದ ಎರಡು ಜಾಡು ಗಟ್ಟಿಯಾಗಿವೆ, ನಡುವೆ ಹುಲ್ಲಿನ ದಿಂಡು. ಒಂದು ಕಡೆ ನೀರು, ಇನ್ನೊಂದು ಕಡೆ ಇಳಿಜಾರು, ಅದರ ಕೆಳಗೆ ಗದ್ದೆ. ಪಕ್ಕಕ್ಕೆ ಸರಿದು ತಪ್ಪಿಸಿಕೊಳ್ಳೋಣ ಅಂದರೆ ಜಾಗ ಇರುವುದು ಒಂದೆರಡು ಹೆಜ್ಜೆ ಮಾತ್ರ. ನಡೆಯುವವರು ಗಟ್ಟಿ ಜಾಡಿನಲ್ಲೇ ನಡೆಯುತ್ತಾರೆ, ಸೈಕಲ್ ಓಡುವುದೂ ಅದೇ ಜಾಡಿನಲ್ಲಿ. ಜಗಳ ಹುಟ್ಟುವುದೇ ಅಲ್ಲಿ. ಬೆಳಿಗ್ಗೆ ಐದೂವರೆಯಿಂದ ಏಳೂವರೆವರೆಗೆ ವಾಕಿಂಗಿನವರು, ಎಂಟರ ನಂತರ ಶಾಲೆ ಮಕ್ಕಳು, ಹಾಲಿನ ಕ್ಯಾನ್ ಕಟ್ಟಿಕೊಂಡವರು, ಸಂಜೆ ಮತ್ತೆ ವಾಕಿಂಗಿನವರ ಜೊತೆಗೆ ವಿಡಿಯೋ ಮಾಡುವ ಹುಡುಗ ಹುಡುಗಿಯರು. ನಡುನಡುವೆ ಮನೆಗೆ ಮರಳುವ ದನ. ಒಂದು ವಿಷಯ ಗಮನಿಸಿ, ದನದ ಹಿಂದೆ ಬಂದ ಸೈಕಲ್ಲಿನವರು ಯಾರೂ ಬೈಯುವುದಿಲ್ಲ. ಅದು ಯಾವ ಕಡೆ ತಿರುಗುತ್ತೋ ಗೊತ್ತಿಲ್ಲ ಅಂತ ಗೊತ್ತಿರುವುದರಿಂದ ತಾವಾಗಿಯೇ ಇಳಿದು ನಿಲ್ಲುತ್ತಾರೆ. ಮನುಷ್ಯರ ವಿಷಯದಲ್ಲಿ ಮಾತ್ರ, ಇವರು ನೆಟ್ಟಗೇ ಹೋಗುತ್ತಾರೆ ಅಂತ ನಂಬಿಕೊಂಡು ನುಗ್ಗುತ್ತಾರೆ.

ವೇಗದ ಲೆಕ್ಕವನ್ನು ಹುಡುಗರಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೇ ತೋರಿಸುತ್ತೇನೆ. ನಡೆಯುವವರು ಗಂಟೆಗೆ ಸುಮಾರು 5 ಕಿಲೋಮೀಟರ್ ನಡೆಯುತ್ತಾರೆ. ಹೈಸ್ಕೂಲ್ ಹುಡುಗ ಆರಾಮಾಗಿ ತುಳಿದರೂ ಗಂಟೆಗೆ 18 ಕಿಲೋಮೀಟರ್, ಅಂದರೆ ಸೆಕೆಂಡಿಗೆ 5 ಮೀಟರ್. ಮುಂದೆ ನಡೆಯುವವರು ತಟ್ಟನೆ ಅಡ್ಡ ಬಂದರು ಅನ್ನಿ. ಕಣ್ಣು ಕಂಡು, ತಲೆಗೆ ಹೋಗಿ, ಕೈ ಬ್ರೇಕ್ ಹಿಡಿಯುವುದಕ್ಕೆ ಹತ್ತಿರ ಹತ್ತಿರ ಒಂದು ಸೆಕೆಂಡು ಬೇಕು. ಅಲ್ಲಿಗೆ 5 ಮೀಟರ್ ಹೋಯಿತು. ಬ್ರೇಕ್ ಚೆನ್ನಾಗಿದ್ದು ನೆಲ ಒಣಗಿದ್ದರೆ ನಿಲ್ಲೋಕೆ ಇನ್ನೂ ಸುಮಾರು 4 ಮೀಟರ್. ಒಟ್ಟು 9 ಮೀಟರ್, ನಮ್ಮ ಅಂಗಡಿ ಬಾಗಿಲಿಂದ ರಸ್ತೆಯ ಆಚೆ ದಡದ ವಿದ್ಯುತ್ ಕಂಬದಷ್ಟು ದೂರ. ಅದೇ ಹುಡುಗ ಗಂಟೆಗೆ 10 ಕಿಲೋಮೀಟರಿಗೆ ಇಳಿದರೆ ಒಟ್ಟು 4 ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತಾನೆ. ವೇಗ ಅರ್ಧ ಆದರೆ ಬ್ರೇಕ್ ಹಿಡಿದ ಮೇಲೆ ಜಾರುವ ದೂರ ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಈ ಕೊನೆಯ ಮಾತು ಹುಡುಗರಿಗೆ ತುಂಬಾ ಹಿಡಿಸುತ್ತದೆ. ಲೆಕ್ಕ ಸರಿಯಾ ಅಂತ ನೋಡೋಕೆ ಅಲ್ಲೇ ರಸ್ತೆಯಲ್ಲಿ ಬಿಟ್ಟು ನೋಡುತ್ತಾರೆ.

ಇದೆಲ್ಲ ಬ್ರೇಕ್ ಚೆನ್ನಾಗಿದ್ದರೆ. ನನ್ನ ಕೈಗೆ ಬರುವ ಸೈಕಲ್ಲುಗಳಲ್ಲಿ ಬ್ರೇಕ್ ಚೆನ್ನಾಗಿರುವುದು ಕಮ್ಮಿ. ಮೊನ್ನೆ ಒಂಬತ್ತನೇ ಕ್ಲಾಸಿನ ಹುಡುಗ ಒಬ್ಬ ಚೈನ್ ಸಡಿಲ ಆಗಿದೆ ಅಂತ ತಂದ. ಹ್ಯಾಂಡಲ್ಲಿನ ಬಲಗಡೆ ಬ್ರೇಕ್ ಹಿಡಿ ಇತ್ತು, ಅದರಿಂದ ಕೆಳಗೆ ವೈರೇ ಇರಲಿಲ್ಲ. ಮುಂದಿನ ಬ್ರೇಕಿನ ವೈರ್ ಕತ್ತರಿಸಿ ತೆಗೆಸಿದ್ದಾನೆ. ಯಾಕೋ ಅಂದರೆ, "ಮುಂದಿನ ಬ್ರೇಕ್ ಹಿಡಿದ್ರೆ ಪಲ್ಟಿ ಹೊಡೀತೀಯ ಅಂತ ನಮ್ಮ ಮಾವ ಹೇಳಿದ್ರು ಅಂಕಲ್" ಅಂದ. ಈ ಮಾತು ನಮ್ಮ ಕಡೆ ಮನೆಮನೆಯಲ್ಲೂ ಇದೆ. ನಿಜ ಸಂಗತಿ ಬೇರೆ. ಬ್ರೇಕ್ ಹಿಡಿದಾಗ ಮೈಭಾರ ಮುಂದಕ್ಕೆ ಬೀಳುತ್ತದೆ, ಮುಂದಿನ ಗಾಲಿ ನೆಲಕ್ಕೆ ಒತ್ತಿಕೊಳ್ಳುತ್ತದೆ, ಹಿಂದಿನ ಗಾಲಿ ಹಗುರಾಗುತ್ತದೆ. ಹಾಗಾಗಿ ನಿಲ್ಲಿಸುವ ಶಕ್ತಿಯ ಹೆಚ್ಚಿನ ಪಾಲು ಮುಂದಿನ ಬ್ರೇಕಿನದು. ಹಿಂದಿನದನ್ನಷ್ಟೇ ನಂಬಿದರೆ ಗಾಲಿ ಸ್ಟಕ್ ಆಗಿ ಕೆಮ್ಮಣ್ಣಿನ ಮೇಲೆ ಜಾರಿಕೊಂಡು ಹೋಗುತ್ತದೆ, ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಶುರುಮಾಡಿ ಗಟ್ಟಿ ಹಿಡಿಯುತ್ತಾ ಹೋಗಬೇಕು, ಕೂತ ಜಾಗದಿಂದ ಸ್ವಲ್ಪ ಹಿಂದಕ್ಕೆ ಸರಿದುಕೊಳ್ಳಬೇಕು. ಹೊಸ ವೈರ್ ಹಾಕಿ ಅವನನ್ನು ಅಂಗಡಿ ಮುಂದೆ ಸುಮ್ಮನೆ ಓಡಿಸಿ, ನಿಲ್ಲಿಸಿ, ಓಡಿಸಿ, ನಿಲ್ಲಿಸಿ, ಕೈಗೆ ಅಭ್ಯಾಸ ಮಾಡಿಸಿಯೇ ಕಳಿಸಿದೆ.

ಮಳೆಗಾಲದಲ್ಲಿ ಲೆಕ್ಕವೆಲ್ಲ ಬದಲಾಗುತ್ತದೆ. ನಮ್ಮ ಕಡೆ ಸಾಮಾನ್ಯ ಸೈಕಲ್ಲಿಗೆ ಇರುವುದು ಸ್ಟೀಲ್ ರಿಮ್. ಅದು ನೆಂದಾಗ ಬ್ರೇಕ್ ರಬ್ಬರ್ ಹಿಡಿದರೂ ಮೊದಲು ನೀರನ್ನು ಒರೆಸುತ್ತದೆ, ಆಮೇಲೆ ತಾನೇ ರಿಮ್ಮನ್ನು ಹಿಡಿಯುವುದು. ಗಾಲಿ ಒಂದು ಸುತ್ತು ಬಂದರೆ 2 ಮೀಟರ್ ದಾಟಿತು. ನೀರು ಒರೆಸುವುದಕ್ಕೆ ಎರಡು ಮೂರು ಸುತ್ತು ಹೋದರೆ, ಬ್ರೇಕ್ ಹಿಡಿಯಲು ಶುರುವಾಗುವ ಮೊದಲೇ ಎದುರಿನವರ ಬೆನ್ನು ಮುಟ್ಟಿರುತ್ತೀರಿ. ಅದಕ್ಕೆ ಮಳೆಯಲ್ಲಿ ಜನ ಕಂಡ ಕೂಡಲೇ, ದೂರ ಇರುವಾಗಲೇ, ಬ್ರೇಕನ್ನು ಸುಮ್ಮನೆ ಮುಟ್ಟಿಸಿ ರಿಮ್ ಒಣಗಿಸಿಕೊಳ್ಳಬೇಕು. ಅಪ್ಪ ರಾಡ್ ಬ್ರೇಕಿನ ಕಾಲದವರು. ಮಳೆಗಾಲದಲ್ಲಿ ಬ್ರೇಕ್ ಇಲ್ಲ ಅಂದುಕೊಂಡೇ ಸೈಕಲ್ ಹೊಡಿ ಅಂತ ಹೇಳುತ್ತಿದ್ದರು. ಈಗಿನ ಅಲ್ಯೂಮಿನಿಯಂ ರಿಮ್ಮು, ಡಿಸ್ಕ್ ಬ್ರೇಕು ಎಷ್ಟೋ ವಾಸಿ. ಆದರೂ ಹುಲ್ಲಿನ ಮೇಲೆ, ಪಾಚಿ ಕಟ್ಟಿದ ಟೈಲ್ಸ್ ಮೇಲೆ ಅವೂ ಜಾರುತ್ತವೆ. ಅಲ್ಲಿ ಹಿಡಿತ ಇಲ್ಲದಿರುವುದು ಟೈರಿಗೆ, ಬ್ರೇಕನ್ನು ಬೈದು ಪ್ರಯೋಜನವಿಲ್ಲ. ಪಾರ್ಕುಗಳಲ್ಲಿ, ಹೊಳೆದಂಡೆಯಲ್ಲಿ ಈಗ ಎಲ್ಲಿ ನೋಡಿದರೂ ಇಂಟರ್‌ಲಾಕ್ ಟೈಲ್ಸ್. ಶ್ರಾವಣದ ಹೊತ್ತಿಗೆ ಮರದ ನೆರಳಿರುವ ಕಡೆಯೆಲ್ಲ ಅವು ಹಸಿರಾಗಿರುತ್ತವೆ. ಅಲ್ಲಿ ಬ್ರೇಕ್ ಹಿಡಿಯುತ್ತಾ ತಿರುಗಿಸಿದವರು ತಾವು ಬೀಳುವುದಲ್ಲದೆ, ಪಕ್ಕದಲ್ಲಿ ನಡೆಯುವವರನ್ನೂ ಕೆಡವುತ್ತಾರೆ.

ಬೆಲ್ಲಿನ ವಿಷಯಕ್ಕೆ ಬರುತ್ತೇನೆ. ಹುಡುಗರ ಮುಖ್ಯ ವಾದವೇ ಅದು, "ನಾನು ಬೆಲ್ ಹೊಡೆದೆ, ಅವರು ಸರೀಲಿಲ್ಲ." ಬೆಲ್ ಮಾರುವವನು ನಾನು. ಬೆಲ್ ಹೊಡೆದ ಮಾತ್ರಕ್ಕೆ ದಾರಿ ನಿಮ್ಮದಾಗುವುದಿಲ್ಲ ಅಂತ ಮಾರುವಾಗಲೇ ಹೇಳುತ್ತೇನೆ.

ಬೆನ್ನ ಹಿಂದೆ ಹತ್ತಿರದಲ್ಲಿ ಬೆಲ್ ಕೇಳಿದಾಗ ವಯಸ್ಸಾದವರು ಏನು ಮಾಡುತ್ತಾರೆ ಅಂತ ಒಮ್ಮೆ ಸರಿಯಾಗಿ ನೋಡಿ. ನಮ್ಮ ಬೀದಿಯ ಅಜ್ಜಿ ಒಬ್ಬರು ದಿನಾ ಏರಿ ಮೇಲೆ ಹೋಗುತ್ತಾರೆ, ಎಡಗೈಯಲ್ಲಿ ಹೂವಿನ ಬುಟ್ಟಿ. ಬೆಲ್ ಕೇಳಿದ ಕೂಡಲೇ ಮೊದಲು ನಿಲ್ಲುತ್ತಾರೆ. ಆಮೇಲೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡುತ್ತಾರೆ. ಕುತ್ತಿಗೆ ಪೂರ್ತಿ ತಿರುಗುವುದಿಲ್ಲ, ಹಾಗಾಗಿ ಸೊಂಟ ತಿರುಗುತ್ತದೆ, ಸೊಂಟದ ಜೊತೆ ಬಲಗಾಲು ಒಂದು ಹೆಜ್ಜೆ ಬಲಕ್ಕೆ ಬಂದುಬಿಡುತ್ತದೆ. ಸೈಕಲ್ಲಿನವನು ದಾಟಬೇಕು ಅಂತ ಹೊಂಚಿದ್ದ ಜಾಗವೂ ಅದೇ. ಅವರು ಬೇಕಂತ ಅಡ್ಡ ಬಂದದ್ದಲ್ಲ. ಯಾರು ಬರ್ತಾ ಇದ್ದಾರೆ ಅಂತ ನೋಡಹೋದರು, ಅಷ್ಟೇ. ಇನ್ನು ಇಬ್ಬರು ಜೊತೆಗೆ ನಡೆಯುತ್ತಿದ್ದರೆ ಒಬ್ಬರು ಎಡಕ್ಕೆ ಸರಿಯುತ್ತಾರೆ, ಒಬ್ಬರು ಬಲಕ್ಕೆ. ತಕ್ಷಣ ಬಲಗಡೆಯವರಿಗೆ ಜೊತೆಯವರ ಹತ್ತಿರವೇ ಹೋಗಬೇಕು ಅನ್ನಿಸಿ ವಾಪಸ್ ದಾಟುತ್ತಾರೆ. ಗಂಡ ಹೆಂಡತಿ, ತಾಯಿ ಮಗು, ಸ್ನೇಹಿತರು, ಎಲ್ಲರೂ ಹೀಗೇ ಮಾಡುತ್ತಾರೆ. ಸೈಕಲ್ ಹೊಡೆಯುವವರು ಇದನ್ನು ತಿಳಿದುಕೊಂಡೇ ಹೊಡೆಯಬೇಕು.

ಇನ್ನೊಂದು ಸಂಗತಿ ಇದೆ. ವಯಸ್ಸಾಗುತ್ತಾ ಕಿವಿ ಮೊದಲು ಕಳೆದುಕೊಳ್ಳುವುದು ಕೀರಲು ದನಿಗಳನ್ನು. ಮಾತು ಕೇಳಿಸುತ್ತಿರುತ್ತದೆ, ಟಿಂಗ್ ಅನ್ನುವುದು ಕೇಳಿಸುವುದಿಲ್ಲ. ಆದ್ದರಿಂದ ಹಿರಿಯರಿಗೆ ಬೆಲ್ಲಿಗಿಂತ ಬಾಯಿ ಮೇಲು. ಏನು ಕೂಗಬೇಕು ಅನ್ನುವುದರಲ್ಲೂ ಎಚ್ಚರ ಬೇಕು. "ಬಲಕ್ಕೆ, ಬಲಕ್ಕೆ" ಅಂತ ಕೂಗುತ್ತಾರೆ ಹುಡುಗರು. ನಾನು ಬಲಕ್ಕೆ ಬರ್ತೀನಿ ಅಂತಲೋ, ನೀವು ಬಲಕ್ಕೆ ಹೋಗಿ ಅಂತಲೋ? ಮುಂದಿರುವವರಿಗೆ ಅದು ಹೇಗೆ ಗೊತ್ತಾಗಬೇಕು? "ಸೈಡ್, ಸೈಡ್" ಅಂದರೂ ಅಷ್ಟೇ. ನನ್ನ ಅನುಭವದಲ್ಲಿ ಕೆಲಸ ಮಾಡುವುದು ಇದೊಂದೇ: ಇಪ್ಪತ್ತು ಮೀಟರ್ ದೂರದಿಂದಲೇ, ಅಬ್ಬರ ಮಾಡದೆ, "ಅಮ್ಮಾ, ಹಂಗೇ ನಡೀರಿ, ನಾನ್ ಹಿಂದಿಂದ ಬರ್ತಿದೀನಿ." ಹಂಗೇ ನಡೀರಿ ಅಂದಾಗ ಅವರು ಯಾವ ತೀರ್ಮಾನವನ್ನೂ ಮಾಡಬೇಕಾಗಿಲ್ಲ. ಹೆದರಿಕೆ ಇಲ್ಲ, ಹಾರುವುದಿಲ್ಲ. ಸರಿಯುವ ಕೆಲಸ ನನ್ನದು. ಜಾಗ ಸಾಲದಿದ್ದರೆ ಕಾಲು ಊರಿ ಇಳಿಯುತ್ತೇನೆ. ದಾಟಿದ ಮೇಲೆ ಒಂದು ಮಾತು, "ಬರ್ತೀನಮ್ಮ" ಅಂದರೆ, ಮಾರನೇ ದಿನ ಅವರೇ ನನ್ನ ದನಿ ಗುರುತಿಟ್ಟುಕೊಂಡಿರುತ್ತಾರೆ.

ಹಳೇ ಸೈಕಲ್ಲುಗಳು ತಮ್ಮಷ್ಟಕ್ಕೆ ತಾವೇ ಸುದ್ದಿ ಕೊಡುತ್ತಿದ್ದವು. ಮಡ್‌ಗಾರ್ಡ್ ಗಲಗಲ, ಚೈನ್ ಕವರ್ ಕಿರ್‍ರ್, ತುಳಿಯುವುದು ನಿಲ್ಲಿಸಿದರೆ ಫ್ರೀವೀಲ್ ಕಟಕಟ. ಈಗ ಬರುವ ಗೇರ್ ಸೈಕಲ್ಲುಗಳು ಮೌನ. ಬ್ಯಾಟರಿ ಸೈಕಲ್ಲು ಇನ್ನೂ ಮೌನ, ಜೊತೆಗೆ ಭಾರ. ಅದನ್ನು ನಾನು ಸೈಕಲ್ ಅಂತಲೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಏರಿ ಮೇಲೆ ಬಂದರೆ ಮೋಟಾರ್ ಆಫ್ ಮಾಡಿ ತುಳಿಯಿರಿ ಅಂತ ಹೇಳುತ್ತೇನೆ.

ಇನ್ನು ಮೊಬೈಲಿನವರು. ನನ್ನ ಮಗಳು ಸೈಕಾಲಜಿ ಓದುತ್ತಾಳೆ. ಅಂಗಡಿಯ ಈ ಜಗಳ ಕೇಳಿ ಒಂದು ಸಂಶೋಧನೆ ವಿಷಯ ಹೇಳಿದಳು. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಇರಾ ಹೈಮನ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಅವರ ಜೊತೆಯವರು ಮಾಡಿದ್ದಂತೆ. ವಿದ್ಯಾರ್ಥಿಗಳು ದಾಟಿ ಹೋಗುವ ಅಂಗಳದಲ್ಲಿ, ಬಣ್ಣದ ಬಟ್ಟೆ ಹಾಕಿದ ಸರ್ಕಸ್ ಬಫೂನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಸುತ್ತಾಡಲು ಬಿಟ್ಟರು. ಅಂಗಳ ದಾಟಿ ಬಂದವರನ್ನು ನಿಲ್ಲಿಸಿ, ಬಫೂನನ್ನು ನೋಡಿದಿರಾ ಅಂತ ಕೇಳಿದರು. ಫೋನಿನಲ್ಲಿ ಮಾತಾಡುತ್ತಾ ಬಂದವರಲ್ಲಿ ನೂರಕ್ಕೆ 25 ಮಂದಿ ಮಾತ್ರ ನೋಡಿದೆವು ಅಂದರು. ಸುಮ್ಮನೆ ಒಬ್ಬರೇ ನಡೆದು ಬಂದವರಲ್ಲಿ ಅರ್ಧಕ್ಕರ್ಧ. ಹಾಡು ಕೇಳುತ್ತಾ ಬಂದವರಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು. ಇಬ್ಬರು ಮಾತಾಡಿಕೊಂಡು ಜೊತೆಯಲ್ಲಿ ಬಂದವರಲ್ಲಿ ನೂರಕ್ಕೆ 71.

ಇದನ್ನು ಕೇಳಿದ ಮೇಲೆ ಬೆಂಚಿನ ಎರಡೂ ಪಕ್ಷದವರಿಗೆ ಹೇಳೋಕೆ ನನ್ನ ಹತ್ತಿರ ವಿಷಯ ಸಿಕ್ಕಿತು. ಹರಟೆ ಹೊಡೆಯುತ್ತಾ ಹೋಗುವ ಇಬ್ಬರನ್ನು ಕಂಡರೆ ಹುಡುಗರಿಗೆ ಸಿಟ್ಟು, ಆದರೆ ಸುತ್ತಲಿನದ್ದು ಹೆಚ್ಚು ಕಾಣುವುದು ಅವರಿಗೇ. ಇಬ್ಬರಿದ್ದರೆ ನಾಲ್ಕು ಕಣ್ಣು, ಒಬ್ಬರಿಗೆ ಕಾಣದ್ದು ಇನ್ನೊಬ್ಬರಿಗೆ ಕಾಣುತ್ತದೆ. ಫೋನಿನ ಆ ಕಡೆ ಇರುವವರಿಗೆ ಈ ದಾರಿ ಕಾಣುವುದಿಲ್ಲ, ಅವರು ಮಾತು ನಿಲ್ಲಿಸುವುದಿಲ್ಲ. ಫೋನಿನಲ್ಲಿ ಮಾತಾಡುವವರ ಕಣ್ಣು ತೆರೆದೇ ಇರುತ್ತದೆ, ನಿಮ್ಮ ಕಡೆಯೇ ನೋಡುತ್ತಲೂ ಇರಬಹುದು. ನೋಡಿದರು ಅಂತ ನಂಬಬೇಡಿ. ಕಣ್ಣಿಗೆ ಬಿದ್ದದ್ದೆಲ್ಲ ಮನಸ್ಸಿಗೆ ಬರುವುದಿಲ್ಲ.

ಹಿಂದಿನಿಂದಲೇ ಮೊಬೈಲಿನವರನ್ನು ಗುರುತಿಸುವುದನ್ನು ಹುಡುಗರು ಕಲಿಯಬೇಕು. ಮೊಣಕೈ ಮಡಚಿ ಮೈಗೆ ಅಂಟಿದ್ದರೆ, ತಲೆ ಬಗ್ಗಿದ್ದರೆ ಮೆಸೇಜ್ ಓದುತ್ತಿದ್ದಾರೆ. ಅವರ ನಡಿಗೆ ನಿಧಾನ ಆಗಿರುತ್ತದೆ, ನೆಟ್ಟಗೆ ಹೋಗುವುದಿಲ್ಲ, ಕ್ರಮೇಣ ಒಂದು ಕಡೆಗೆ ವಾಲುತ್ತದೆ. ಕಾಲ್‌ನಲ್ಲಿ ಇರುವವರು ನಡೆಯುತ್ತಾ ನಡೆಯುತ್ತಾ ಇದ್ದಕ್ಕಿದ್ದಂತೆ ತಿರುಗಿ ಬಂದ ದಾರಿಯಲ್ಲೇ ಹೊರಡುತ್ತಾರೆ, ಅದೂ ಹಿಂದಕ್ಕೆ ನೋಡದೆ. ಸೆಲ್ಫಿಯವರು, ರೀಲ್ಸ್‌ನವರು ಹಿಂದುಹಿಂದಕ್ಕೆ ಹೆಜ್ಜೆ ಇಡುತ್ತಾರೆ. ಆಗುಂಬೆಯ ಸೂರ್ಯಾಸ್ತದ ಕಟ್ಟೆಯಲ್ಲಿ ಸಂಜೆ ಹೊತ್ತು ಇಂಥವರನ್ನು ನೀವೂ ನೋಡಿರುತ್ತೀರಿ. ಅಲ್ಲಿ ಹಿಂದೆ ಇರುವುದು ಘಾಟಿ ರಸ್ತೆ, ಬಸ್ಸು. ನಮ್ಮ ಏರಿಯಲ್ಲಿ ಹಿಂದೆ ಇರುವುದು ಸೈಕಲ್ಲು ಅಥವಾ ನೀರು. ಇಷ್ಟು ಗುರುತು ಸಿಕ್ಕ ಮೇಲೆ ಬೆಲ್ ಹೊಡೆದು ಕಾಯುತ್ತಾ ಕೂರಬಾರದು. ನಡಿಗೆಯ ವೇಗಕ್ಕೆ ಇಳಿದು, ಕೈಯಳತೆಯ ಜಾಗ ಬಿಟ್ಟು ದಾಟಬೇಕು. ಜಾಗ ಇಲ್ಲದಿದ್ದರೆ ಹಿಂದೆಯೇ ಹೋಗಬೇಕು. ಎಷ್ಟು ಹೊತ್ತು? ಏರಿ ಮೇಲೆ ಅಗಲ ಇರುವ ಜಾಗ ಸಿಗೋಕೆ ನಿಮಿಷ ಕೂಡ ಬೇಕಾಗಿಲ್ಲ.

"ನಡೆಯೋರಿಗೂ ಫೈನ್ ಹಾಕ್ಬೇಕು ಮಾರಾಯ್ರೆ" ಅಂತ ನಮ್ಮ ಗಿರಾಕಿಯೊಬ್ಬರು ಹೇಳುತ್ತಿರುತ್ತಾರೆ. ಹಾಕಿದವರೂ ಇದ್ದಾರೆ. ಹವಾಯಿಯ ಹೊನೊಲುಲು ನಗರದಲ್ಲಿ ಫೋನ್ ನೋಡುತ್ತಾ ರಸ್ತೆ ದಾಟಿದರೆ 2017ರಿಂದ ದಂಡ ಇದೆ. ಜಪಾನಿನ ಯಮಾತೊ ಊರಿನವರು 2020ರಲ್ಲಿ ಬೇರೆ ಥರ ಮಾಡಿದರು. ಸಾರ್ವಜನಿಕ ಜಾಗದಲ್ಲಿ ಫೋನ್ ನೋಡುತ್ತಾ ನಡೆಯಬೇಡಿ ಅಂತ ನಿಯಮ ತಂದರು, ದಂಡ ಇಡಲಿಲ್ಲ. ಅದೇ ಜಪಾನಿನಲ್ಲಿ ಸೈಕಲ್ ಹೊಡೆಯುತ್ತಾ ಕೈಯಲ್ಲಿ ಫೋನ್ ಹಿಡಿದರೆ 2024ರ ನವೆಂಬರಿನಿಂದ ಆರು ತಿಂಗಳವರೆಗೆ ಜೈಲು ಅಥವಾ 1 ಲಕ್ಷ ಯೆನ್‌ವರೆಗೆ ದಂಡ. ನಡೆಯುವವರಿಗೆ ತಿಳಿವಳಿಕೆ ಹೇಳಿ, ಸೈಕಲ್ಲಿನವರಿಗೆ ದಂಡ ಇಟ್ಟ ಆ ಅಂದಾಜು ನನಗೆ ನ್ಯಾಯ ಅನ್ನಿಸುತ್ತದೆ. ನಡೆಯುವವರು ಎಡವಿದರೆ ಮಂಡಿ ತರಚುವುದು ಅವರದೇ. ಸೈಕಲ್ಲಿನವರು ಮೈಮರೆತರೆ ಗಾಯ ಆಗುವುದು ಇನ್ನೊಬ್ಬರಿಗೆ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫೋನ್ ಹಿಡಿದು ಬರುವ ಹುಡುಗರನ್ನು ದಿನಾ ನೋಡುತ್ತೇನೆ. ಅಂಥವನ ಮುಂದಿನ ಬ್ರೇಕ್ ನೆಟ್ಟಗಿದ್ದರೂ ಹಿಡಿಯಲು ಕೈ ಎಲ್ಲಿದೆ?

ಹಾಗಾದರೆ ನಡೆಯುವವರು ಮಾಡಬೇಕಾದ್ದು ಏನೂ ಇಲ್ಲವೇ ಅಂತ ಹುಡುಗರು ಕೇಳುತ್ತಾರೆ. ಇದೆ, ಹೆಚ್ಚೇನಲ್ಲ. ಒಂದು ಕಿವಿ ದಾರಿಗೆ ಬಿಡಿ. ಮೆಸೇಜ್ ಓದಲೇಬೇಕು ಅಂದರೆ ಅಂಚಿಗೆ ಸರಿದು ನಿಂತು ಓದಿ, ನಿಂತವರನ್ನು ದಾಟುವುದು ಯಾರಿಗೂ ಕಷ್ಟ ಅಲ್ಲ. ತಿರುಗಿ ಹೊರಡುವ ಮೊದಲು ಹಿಂದಕ್ಕೆ ನೋಡಿ. ನಾಲ್ಕು ಜನ ಸಾಲಾಗಿ ಹರಡಿಕೊಂಡು ನಡೆಯಬೇಡಿ. ಮಗುವನ್ನು ನೀರಿನ ಕಡೆಗೂ ಬಿಡಬೇಡಿ, ದಾರಿಯ ನಡುವಿಗೂ ಬಿಡಬೇಡಿ, ಇಳಿಜಾರಿನ ಕಡೆ ಕೈಹಿಡಿದು ಕರಕೊಂಡು ಹೋಗಿ. ನಾಯಿ ಕರೆತರುವವರಲ್ಲಿ ನನ್ನದೊಂದು ವಿನಂತಿ, ಹಗ್ಗ ಗಿಡ್ಡ ಹಿಡಿದುಕೊಳ್ಳಿ. ನಾಯಿ ಆ ಕಡೆ, ಯಜಮಾನರು ಈ ಕಡೆ, ನಡುವೆ ತೆಳ್ಳನೆ ಹಗ್ಗ. ನಸುಕಿನಲ್ಲಿ ಆ ಹಗ್ಗ ಸೈಕಲ್ಲಿನವರಿಗೆ ಕಾಣುವುದೇ ಇಲ್ಲ.

ಮಲೆನಾಡಿನಲ್ಲಿ ಮೊಬೈಲಿಗಿಂತ ದೊಡ್ಡ ಅಡ್ಡಿ ಇನ್ನೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಜರ್ಕಿನ್ನಿನ ಟೋಪಿ. ಆಷಾಢದ ಮಳೆಯಲ್ಲಿ ಟೋಪಿ ಎಳೆದು ದಾರ ಬಿಗಿದುಕೊಂಡವರಿಗೆ ಎಡ ಬಲ ಕಾಣುವುದಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಮಳೆ ಬೀಳುವ ಸದ್ದು ಕಿವಿಯ ಪಕ್ಕದಲ್ಲೇ, ಆ ಸದ್ದಿನಲ್ಲಿ ಬೆಲ್ಲಿರಲಿ, ಕೂಗಿದ್ದೂ ಕೇಳುವುದಿಲ್ಲ. ಗದ್ದೆ ಕೆಲಸಕ್ಕೆ ತಲೆ, ಬೆನ್ನು ಮುಚ್ಚುವ ಗೊರಬು ಹಾಕಿ ಬಗ್ಗಿ ನಡೆಯುವವರಿಗೆ, ತಲೆ ಮೇಲಿಂದ ಕಂಬಳಿ ಕೊಪ್ಪೆ ಹೊದ್ದವರಿಗೆ ಹಿಂದಿನದ್ದು ಗೊತ್ತೇ ಆಗುವುದಿಲ್ಲ. ಕೊಡೆಯ ಕಡ್ಡಿ ಸೈಕಲ್ ಮೇಲೆ ಕೂತವರ ಕಣ್ಣಿನ ಎತ್ತರಕ್ಕೇ ಬರುತ್ತದೆ, ಗಾಳಿ ಬೀಸಿದರೆ ಕೊಡೆ ಹಿಡಿದವರು ಎರಡು ಹೆಜ್ಜೆ ಗಾಳಿಯ ಜೊತೆ ಹೋಗುತ್ತಾರೆ. ಇವರ ಹತ್ತಿರ ಎಚ್ಚರ ಇರಿ ಅಂತ ಹೇಳಿ ಪ್ರಯೋಜನ ಏನು? ಮಳೆಯಲ್ಲಿ ನೆನೆಯಿರಿ ಅನ್ನೋಕಾಗುತ್ತಾ? ಜೂನ್‌ನಿಂದ ಸೆಪ್ಟೆಂಬರ್ ತನಕ ಏರಿ ಮೇಲೆ ನಡೆಯುವ ಪ್ರತಿಯೊಬ್ಬರಿಗೂ ಕಣ್ಣೂ ಇಲ್ಲ ಕಿವಿಯೂ ಇಲ್ಲ ಅಂದುಕೊಂಡೇ ಸೈಕಲ್ ಹೊಡೆಯಬೇಕು. ಚಾನಲ್‌ನಲ್ಲಿ ನೀರು ತುಂಬಿ ಹರಿಯುವುದೂ ಮಳೆ ಶುರುವಾದ ಮೇಲೇ ಅನ್ನುವುದನ್ನು ಮರೆಯಬಾರದು.

ಈಗ ಹಿರಿಯರ ಬೇಡಿಕೆಯ ವಿಷಯ. ಸೈಕಲ್ಲನ್ನು ಏರಿಯಿಂದ ಕೆಳಗಿಳಿಸಿದರೆ ಅವು ಎಲ್ಲಿಗೆ ಹೋಗಬೇಕು? ಮುಖ್ಯ ರಸ್ತೆಗೆ. ಅಲ್ಲಿ ಮರಳಿನ ಲಾರಿ, ಒಂದನ್ನೊಂದು ಹಿಂದೆ ಹಾಕುವ ಖಾಸಗಿ ಬಸ್ಸು, ಡಾಂಬರಿನ ಅಂಚು ಮುರಿದು ಒಂದು ಗೇಣು ಕೆಳಗಿರುವ ಮಣ್ಣು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸರ್ಕಾರದಿಂದ ಸೈಕಲ್ ಕೊಡಲು ಶುರುವಾದಾಗ ನಮ್ಮ ಅಂಗಡಿ ಹೇಗೆ ಬದಲಾಯಿತು ಅಂತ ನನಗೆ ಗೊತ್ತು. ಅದಕ್ಕೆ ಮೊದಲು ಹಳ್ಳಿಯಿಂದ ಹುಡುಗಿಯರು ಸೈಕಲ್ ತರುವುದು ಅಪರೂಪ. ಆಮೇಲೆ ಸಂಜೆ ನಾಲ್ಕೂವರೆಗೆ ಗಾಳಿ ಹೊಡೆಸಲು ಸಾಲು ನಿಲ್ಲುತ್ತಿದ್ದರು, ಎರಡು ಜಡೆ, ಹ್ಯಾಂಡಲ್ಲಿಗೆ ನೇತುಹಾಕಿದ ಊಟದ ಚೀಲ. ಬಸ್ಸಿಗೆ ಕಾಯಬೇಕಾಗಿಲ್ಲ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಮಕ್ಕಳು ಹತ್ತನೇ ಕ್ಲಾಸು ಮುಗಿಸಿದರು. ಅವರಲ್ಲಿ ಹಲವರು ಬರುತ್ತಿದ್ದದ್ದು ಈ ಏರಿ ಮೇಲೇ, ಈಗ ಬರುವವರೂ ಇಲ್ಲೇ. ಕಳೆದ ವರ್ಷ ಒಬ್ಬ ತಂದೆ ಮಗಳ ಸೈಕಲ್ ಸರಿಮಾಡಿಸಲು ಬಂದು, "ರೋಡ್ ಮೇಲೆ ಬಿಡಲ್ಲ ನಾನು, ಏರಿ ಬಂದ್ ಆದ್ರೆ ಸ್ಕೂಲೇ ಬಿಡಿಸ್ತೀನಿ" ಅಂದರು. ಹೆದರಿದ ಅಪ್ಪ ಹೇಳಿದ ಮಾತು ಅದು. ವಾಕಿಂಗಿನವರಿಗೆ ಸೈಕಲ್ಲಿಂದ ಆಗುವ ಹೆದರಿಕೆ ನಿಜ, ನನಗೆ ಅರ್ಥ ಆಗುತ್ತದೆ. ಎಪ್ಪತ್ತು ದಾಟಿದವರು ಬಿದ್ದು ಸೊಂಟದ ಮೂಳೆ ಮುರಿದರೆ ಎದ್ದು ಓಡಾಡುವುದು ಎಷ್ಟು ಕಷ್ಟ ಅಂತ ನಮ್ಮ ಮನೆಯಲ್ಲೇ ನೋಡಿದ್ದೇವೆ. ಆದರೆ ಆ ಹೆದರಿಕೆಯನ್ನು ತೆಗೆದು ಹನ್ನೆರಡು ಹದಿಮೂರು ವರ್ಷದ ಮಗುವಿನ ತಲೆ ಮೇಲೆ, ಲಾರಿಯ ಮುಂದೆ ಇಡುವುದು ಸರಿಯಲ್ಲ.

ದಾರಿಯನ್ನೇ ಎರಡು ಭಾಗ ಮಾಡಿ ಬಿಳಿ ಗೆರೆ ಎಳೆದರೆ ಆಯಿತು ಅನ್ನುವವರೂ ಇದ್ದಾರೆ. ಅಂಗಡಿಗೆ ಬರುವ ಎಂಜಿನಿಯರ್ ಒಬ್ಬರು ಹೇಳಿದರು, ರಸ್ತೆ ಹೇಗಿರಬೇಕು ಅಂತ ಅಳತೆ ಹೇಳುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನುವ ಸಂಸ್ಥೆಯ 2012ರ ಪಾದಚಾರಿ ಮಾರ್ಗಸೂಚಿ ಪ್ರಕಾರ ಬರೀ ನಡೆಯುವವರಿಗೇ ಅಡೆತಡೆ ಇಲ್ಲದ ಕನಿಷ್ಠ 1.8 ಮೀಟರ್ ಅಗಲ ಬೇಕು. ನಮ್ಮ ಏರಿಯಲ್ಲಿ ಅಷ್ಟನ್ನು ಬಿಟ್ಟರೆ ಉಳಿಯುವುದರಲ್ಲಿ ಎದುರುಬದುರು ಎರಡು ಸೈಕಲ್ ಹೋಗುವಂತಿಲ್ಲ. ಗೆರೆ ಎಳೆದರೆ ಸೈಕಲ್ಲಿನವರಿಗೆ ಇದು ನನ್ನ ಪಾಲು ಅನ್ನುವ ಧೈರ್ಯ ಬರುತ್ತದೆ, ವೇಗ ಹೆಚ್ಚುತ್ತದೆ. ಇಬ್ಬರು ಜೊತೆಯಲ್ಲಿ ನಡೆದರೆ ಒಬ್ಬರು ಗೆರೆ ದಾಟಿಯೇ ದಾಟುತ್ತಾರೆ. ಅಗಲ ಇರುವ ಹೊಳೆದಂಡೆಯ ಹಾದಿಗಳಲ್ಲಿ ಬೇರೆ ಬೇರೆ ಮಾಡಲಿ, ಗೆರೆ ಸಾಲದು, ನಡುವೆ ಕಟ್ಟೆಯೋ ಗಿಡವೋ ಇರಲಿ. ಏರಿಯಂಥ ಕಿರಿದಾದ ಕಡೆ ಗೆರೆಗಿಂತ ಹೊತ್ತು ಹಂಚಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ವಾಕಿಂಗಿನ ಹೊತ್ತಿನಲ್ಲಿ ವೇಗವಾಗಿ ವ್ಯಾಯಾಮಕ್ಕೆ ಹೊಡೆಯುವ ಗೇರ್ ಸೈಕಲ್ಲಿನವರು ಗಾಜನೂರು ರಸ್ತೆ ಹಿಡಿಯಲಿ, ಅವರಿಗೆ ಹೆಲ್ಮೆಟ್ಟಿದೆ, ದೀಪವಿದೆ, ಅನುಭವವಿದೆ. ಶಾಲೆ ಮಕ್ಕಳು ಬರುವ ಎಂಟರಿಂದ ಒಂಬತ್ತೂವರೆಯಲ್ಲಿ ವಾಕಿಂಗಿನವರು ಒಂದೇ ಜಾಡಿನಲ್ಲಿ, ಸೈಕಲ್ಲಿಗೆ ಎದುರಾಗಿ ನಡೆಯಲಿ. ಎದುರಾಗಿ ನಡೆದರೆ ಬರುವವರು ಕಾಣುತ್ತಾರೆ, ಬೆಲ್ಲೂ ಬೇಡ ಕೂಗೂ ಬೇಡ. ನಮ್ಮ ಬೆಂಚಿನ ಹಿರಿಯರಲ್ಲಿ ಮೂರ್ನಾಲ್ಕು ಜನ ಇದನ್ನು ಒಪ್ಪಿ ಶುರುಮಾಡಿದ್ದಾರೆ. ಮೇಷ್ಟ್ರೊಬ್ಬರು ಎದುರಿಗೆ ಬರುವ ಮಕ್ಕಳ ಹೆಸರು ಕೇಳಿಕೊಂಡು ಈಗ ಎಲ್ಲರನ್ನೂ ಹೆಸರು ಹಿಡಿದೇ ಮಾತಾಡಿಸುತ್ತಾರೆ. ಹೆಸರು ಗೊತ್ತಿರುವ ಅಜ್ಜನ ಪಕ್ಕ ಯಾವ ಮಗುವೂ ಜೋರಾಗಿ ಹೋಗುವುದಿಲ್ಲ.

ದೀಪದ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಡೈನಮೋ ಕಾಲ ಹೋಯಿತು, ಈಗ ಚಾರ್ಜ್ ಮಾಡುವ ಪುಟ್ಟ ಎಲ್‌ಇಡಿ ದೀಪಗಳು ಅಗ್ಗಕ್ಕೆ ಸಿಗುತ್ತವೆ, ಬೆಳಕು ಮಾತ್ರ ವಿಪರೀತ. ನೆಟ್ಟಗೆ ಕಟ್ಟಿದರೆ ಎದುರಿಗೆ ನಡೆದು ಬರುವವರ ಕಣ್ಣಿಗೆ ಹೊಡೆದು, ಅವರಿಗೆ ನೀರು ಯಾವ ಕಡೆ ಅನ್ನುವುದೇ ಕಾಣದಂತಾಗುತ್ತದೆ. ಮುಂದಿನ ದೀಪ ಕೆಳಮುಖ ಇರಲಿ, ಬೆಳಕು ಗಾಲಿಯಿಂದ ಹತ್ತು ಹೆಜ್ಜೆ ಮುಂದೆ ನೆಲಕ್ಕೆ ಬೀಳಲಿ, ಮಿಟುಕಿಸುವ ಮೋಡ್ ಹಾಕಬೇಡಿ. ಹಿಂದೆ ಕೆಂಪು ದೀಪ ಇರಲೇಬೇಕು. ನಸುಕಿನಲ್ಲಿ ನಡೆಯುವವರು ಕಪ್ಪು ಸ್ವೆಟರಿನ ಮೇಲೆ ಒಂದು ಬಿಳಿ ಟವೆಲ್ಲಾದರೂ ಹೆಗಲಿಗೆ ಹಾಕಿಕೊಳ್ಳಿ.

ಮಳೆ ಹಿಡಿಯುವ ಮೊದಲು, ಮೇ ಕೊನೆಯ ವಾರ, ಮಕ್ಕಳ ಸೈಕಲ್ಲುಗಳನ್ನು ಅಂಗಡಿಗೆ ಕಳಿಸಿ. ಎರಡೂ ಬ್ರೇಕ್ ಬಿಚ್ಚಿ ನೋಡಿ, ವೈರಿಗೆ ಎಣ್ಣೆ ಬಿಟ್ಟು, ರಿಮ್ ಬೆಂಡ್ ಇದ್ದರೆ ತೆಗೆದು ಕೊಡುತ್ತೇನೆ. ರಬ್ಬರ್ ಸವೆದಿದ್ದರೆ ರಬ್ಬರಿನ ದುಡ್ಡು ಕೊಡಿ, ಕೂಲಿ ಬೇಡ.